ಸಾಕ್ಷಿ ಸಮನ್ಸ್ ಬಂದವರಿಗೆ ಇ-ಕೋರ್ಟ್ಸ್ ಆ್ಯಪ್ ಎಷ್ಟು ಉಪಯೋಗ?

ಕೋರ್ಟ್ ಕೇಸುಗಳ ಸ್ಥಿತಿಗತಿ ತೋರಿಸುವ ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್ ಉಚಿತ, ಲಾಗಿನ್ ಬೇಕಿಲ್ಲ. ಆದರೆ ಸಾಕ್ಷಿ ಅದರ ಲೆಕ್ಕದಲ್ಲೇ ಇಲ್ಲ. ಹೆಸರು ಹಾಕಿ ಹುಡುಕುವ ಸೌಲಭ್ಯ ಕಕ್ಷಿದಾರರ, ವಕೀಲರ ಹೆಸರಿಗೆ ಮಾತ್ರ. ಸಮನ್ಸ್ ಬಂತೆಂದು ನಿಮ್ಮ ಹೆಸರು ಟೈಪ್ ಮಾಡಿದರೆ ಏನೂ ಸಿಗದು.

ಸಮನ್ಸ್ ಮೇಲಿನ ಸಿ.ಸಿ. (ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ರಿಮಿನಲ್ ಕೇಸ್) ಅಥವಾ ಎಸ್.ಸಿ. (ಸೆಷನ್ಸ್ ಕೇಸ್) ನಂಬರ್, ಇಸವಿ ನೋಡಿ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಕೇಸಿನ ಬಗೆ ಆಯ್ದು ಅದನ್ನು ತುಂಬಿ. ಬಹಳ ಜನ ಎಡವುವುದು ಇಲ್ಲೇ: ಠಾಣೆಯ ಕ್ರೈಂ ನಂಬರನ್ನು ಕೇಸ್ ನಂಬರಿನ ಜಾಗಕ್ಕೆ ಹಾಕುತ್ತಾರೆ. ಅದಕ್ಕೆ ಎಫ್‌ಐಆರ್ ಹುಡುಕಾಟ ಬೇರೆಯೇ ಇದೆ. ಕೇಸ್ ಸಿಕ್ಕ ಮೇಲೆ ಪ್ರತಿ ಕೇಸಿಗೂ ಬೇರೆಯಾಗಿರುವ 16 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಸಿಎನ್‌ಆರ್ ಬರೆದಿಟ್ಟುಕೊಂಡರೆ ಮುಂದೆ ಈ ಸರ್ಕಸ್ ಬೇಡ. ಈಗ ಮೊಬೈಲಿಗೂ ಸಮನ್ಸ್ ಬರಬಹುದು. ಅಂಥದ್ದರಲ್ಲಿ ಕೋರ್ಟಿನ ಮೊಹರು ಅಥವಾ ಡಿಜಿಟಲ್ ಸಹಿ ಇದೆಯೇ, ಆ ನಂಬರಿನ ಕೇಸ್ ಆ್ಯಪ್‌ನಲ್ಲಿ ಇದೆಯೇ, ಎರಡನ್ನೂ ನೋಡಿ.

ಆ್ಯಪ್‌ನ ತಿರುಳು ಇರುವುದು ಕೇಸ್ ಹಿಸ್ಟರಿಯಲ್ಲಿ. ಹಿಂದಿನ ದಿನಾಂಕ ಒತ್ತಿದರೆ ಅಂದು ಕೋರ್ಟ್ ಬರೆಸಿದ ಸಾಲು ತೆರೆಯುತ್ತದೆ. ‘ಇಶ್ಯೂ ಎಸ್‌ಎಸ್ ಟು ಸಿಡಬ್ಲ್ಯು 4 ಟು 6’ ಎಂದಿದ್ದರೆ, ಚಾರ್ಜ್‌ಶೀಟಿನ 4ರಿಂದ 6ನೇ ಸಾಕ್ಷಿಗಳಿಗೆ ಸಮನ್ಸ್ ಎಂದರ್ಥ. ಎಸ್‌ಎಸ್ ಬದಲು ‘ಬಿಡಬ್ಲ್ಯು’ ಕಂಡರೆ ಜಾಮೀನು ಕೊಡಬಹುದಾದ ವಾರಂಟ್ ಹೊರಟಿದೆ. ‘ಎನ್‌ಬಿಡಬ್ಲ್ಯು’ ಆದರೆ ಜಾಮೀನುರಹಿತ. ಪೊಲೀಸರು ಮನೆ ಬಾಗಿಲಿಗೆ ಬರುವ ಮೊದಲೇ ಸರ್ಕಾರಿ ಅಭಿಯೋಜಕರನ್ನು ಕಂಡು, ತಾವಾಗಿ ಹಾಜರಾಗಿ ವಾರಂಟ್ ರೀಕಾಲ್‌ಗೆ (ವಾಪಸ್ ಪಡೆಯಲು) ಕೇಳಿಕೊಳ್ಳುವುದು ಜಾಣತನ. ಕಾರಣವಿಲ್ಲದೆ ಗೈರಾದ ಸಾಕ್ಷಿಗೆ ಬಿಎನ್‌ಎಸ್‌ಎಸ್ (ಕ್ರಿಮಿನಲ್ ವಿಚಾರಣೆಯ ಕಾನೂನು) 389ನೇ ಕಲಮಿನಡಿ 500 ರೂಪಾಯಿವರೆಗೆ ದಂಡ. ಬೇಕೆಂದೇ ತಪ್ಪಿಸಿಕೊಂಡರೆ ಬಿಎನ್‌ಎಸ್ (ಅಪರಾಧ, ಶಿಕ್ಷೆಗಳ ಕಾನೂನು) 208ನೇ ಕಲಮಿನಡಿ ಆರು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಜಡ್ಜ್ ದಿಢೀರ್ ರಜೆ ಹಾಕಿದ್ದನ್ನು ಆ್ಯಪ್ ಬೆಳಿಗ್ಗೆ ಹೇಳಲಿ ಎಂದು ಕಾಯಬೇಡಿ. ಸಮನ್ಸ್‌ನಲ್ಲಿ ಒಂದು ದಿನಾಂಕ, ಆ್ಯಪ್‌ನಲ್ಲಿ ಇನ್ನೊಂದು ಇದ್ದರೆ ಸಮನ್ಸ್ ದಿನಕ್ಕೇ ಹೋಗಿ. ಕಲಾಪ ಶುರುವಾಗುವ ಮುಂಚೆ ಬೆಂಚ್ ಕ್ಲರ್ಕ್‌ಗೆ ಬಂದಿದ್ದೇನೆಂದು ತಿಳಿಸಿ. ಅಟೆಂಡರ್ ಹೆಸರು ಕೂಗಿದಾಗ ಕ್ಯಾಂಟೀನಿನಲ್ಲಿದ್ದರೆ ಗೈರು ಎಂದೇ ದಾಖಲಾದೀತು. ಪಾಟೀ ಸವಾಲು ಮುಂದಕ್ಕೆ ಹೋದರೆ ಮುಂದಿನ ತಾರೀಕು ಕೇಳದೆ ಹೊರಡಬೇಡಿ, ಹೊಸ ಸಮನ್ಸ್ ಬರಲೇಬೇಕೆಂದಿಲ್ಲ.

ಬತ್ತಾ (ಸಾಕ್ಷಿಗೆ ಸಿಗುವ ಪ್ರಯಾಣ, ದಿನದ ಖರ್ಚು) ವಿಷಯಕ್ಕೂ ಆ್ಯಪ್ ನಂಬಿ ಕೂರಬೇಡಿ. ಸಿವಿಲ್ ದಾವೆಯಾದರೆ ನಿಮ್ಮನ್ನು ಕರೆಸಿದ ಕಕ್ಷಿದಾರರೇ ಅದನ್ನು ಕೋರ್ಟಿಗೆ ಕಟ್ಟಬೇಕು, ಕೇಳಿ ಪಡೆಯಿರಿ.