ಹಡಗಿನಲ್ಲಿ ಕಾರ್ಡ್ ಸಾಕು, ಇಳಿದರೆ ಚಿಲ್ಲರೆ ಬೇಕು: ಫಾರೆಕ್ಸ್ ಕಾರ್ಡಿನ ಜೊತೆ ಐದು ವರ್ಷ

ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಹೊರದೇಶದಲ್ಲಿ ಬಳಸುವ ಈ ಫಾರೆಕ್ಸ್ ಕಾರ್ಡನ್ನು ನಾನು ಮಾಡಿಸಿದ್ದು 2019ರ ನವೆಂಬರಿನಲ್ಲಿ, ಒಂದು ಖಾಸಗಿ ಬ್ಯಾಂಕಿನ ಬಳ್ಳಾರಿ ಶಾಖೆಯಲ್ಲಿ. ಅಲ್ಲಿಂದೀಚೆಗೆ ಮೂರು ಸಲ ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗು ಹತ್ತಿದ್ದೇವೆ: 2019ರ ಡಿಸೆಂಬರ್, 2023ರ ಜೂನ್, 2025ರ ಜನವರಿ. ನಡುವೆ ಮೊದಲ ಕಾರ್ಡಿನ ಅವಧಿ ಮುಗಿದು ಎರಡನೆಯದು ಬಂತು. ನಾನು ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆಸುವವನು. ಒಂದು ಪ್ಯಾಂಟಿಗೆ ಐವತ್ತು ಪೈಸೆ ಹೆಚ್ಚು ಬಿದ್ದರೂ ರಾತ್ರಿ ನಿದ್ದೆ ಹತ್ತದ ವ್ಯಾಪಾರ ನಮ್ಮದು. ಅದೇ ಕಣ್ಣಿನಿಂದ ಈ ಕಾರ್ಡಿನ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ನನ್ನ ಅಂಕ ಐದಕ್ಕೆ ಮೂರೂವರೆ. ಕಳೆದುಹೋದ ಒಂದೂವರೆ ಎಲ್ಲಿ ಹೋಯಿತು ಎಂಬುದೇ ಈ ಬರಹ.

ಮೊದಲ ದಿನವೇ ಪಾಠವಾಯಿತು. ವ್ಯಾಪಾರದವರ ಅಭ್ಯಾಸ, ಕೈಚೀಲದಲ್ಲಿ ನೋಟಿನ ಕಟ್ಟುಗಳನ್ನು ತುಂಬಿಕೊಂಡು ಬ್ಯಾಂಕಿಗೆ ಹೋದೆ. ವಿದೇಶಿ ಹಣ ಕೊಳ್ಳುವಾಗ ಐವತ್ತು ಸಾವಿರಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡುವಂತಿಲ್ಲ, ಚೆಕ್ಕೋ ಖಾತೆಯಿಂದ ವರ್ಗಾವಣೆಯೋ ಆಗಬೇಕು ಎಂದರು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಕೇಳಿದರು. ವಿದೇಶಿ ಹಣ ಕೊಳ್ಳುವವರು ಕೊಡಬೇಕಾದ ಎ2 ಎಂಬ ಫಾರ್ಮ್ ತುಂಬಿಸಬೇಕಿತ್ತು. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಬಹುಶಃ ಮೊದಲ ಸಲ ತುಂಬಿಸುತ್ತಿದ್ದಳು. ಎರಡು ಸಲ ಹುಬ್ಬಳ್ಳಿಗೆ ಫೋನ್ ಮಾಡಿ ಕೇಳಿದಳು. ಪಾಪ, ಅವಳ ತಪ್ಪಲ್ಲ. ಬಳ್ಳಾರಿಯಲ್ಲಿ ದಿನಕ್ಕೆ ಎಷ್ಟು ಜನ ಸಿಂಗಪುರದ ಡಾಲರ್ ಕೇಳಿಕೊಂಡು ಬರುತ್ತಾರೆ?

ಕಾರ್ಡ್ ಅರ್ಧ ಗಂಟೆಯಲ್ಲಿ ಕೈಗೆ ಬಂತು. ನೋಟು ಬರಲಿಲ್ಲ. ನಾನು ವಿಚಾರಿಸಿದ ಮೂರು ಶಾಖೆಗಳಲ್ಲೂ ವಿದೇಶಿ ನೋಟು ಇರಲಿಲ್ಲ. ಬೇರೆ ಊರಿನಿಂದ ತರಿಸಬೇಕು, ನಾಲ್ಕು ದಿನ ಬೇಕು. ಐದನೆಯ ದಿನ ಹೋದರೆ ಕೊಟ್ಟದ್ದು ನೂರರ ನೋಟು ಐದು. "ಹತ್ತರದ್ದು ಇಲ್ಲವೇನಮ್ಮಾ?" ಎಂದೆ. "ಚಿಲ್ಲರೆ ಅಲ್ಲೇ ಸಿಗುತ್ತದೆ ಸಾರ್" ಎಂದಳು. ಸಿಗುತ್ತದೆ. ಎಷ್ಟು ಕೊಟ್ಟರೆ ಸಿಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಐದು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು. ಕ್ರೂಸ್ ಪ್ರವಾಸದಲ್ಲಿ ನಗದು ಬಹಳ ಬೇಡ. ಆದರೆ ಬೇಕಾದಾಗ ಸಣ್ಣ ನೋಟೇ ಬೇಕು, ಅದೂ ದಿನಕ್ಕೊಂದು ದೇಶದ್ದು. ನಮ್ಮ ಬ್ಯಾಂಕುಗಳು ದೊಡ್ಡ ಮೊತ್ತಕ್ಕೆ ಚೆನ್ನಾಗಿ ಸಜ್ಜಾಗಿವೆ. ಚಿಲ್ಲರೆಯ ಮಾತು ಬಂದರೆ ಮುಖ ತಿರುಗಿಸುತ್ತವೆ.

ಹಡಗಿನ ಒಳಗಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ಯಾವ ಅಂಗಡಿಯಲ್ಲೂ ಕೈಯಲ್ಲಿ ದುಡ್ಡು ಕೊಡುವಂತಿಲ್ಲ. ಕೋಣೆಯ ಬೀಗ ತೆಗೆಯುವ ಕಾರ್ಡನ್ನೇ ತೋರಿಸಬೇಕು, ಖರ್ಚೆಲ್ಲ ಕೋಣೆಯ ಲೆಕ್ಕಕ್ಕೆ ಸೇರುತ್ತದೆ, ಕೊನೆಯ ದಿನ ತೀರಿಸಬೇಕು. ಊಟ ಟಿಕೆಟ್ಟಿನಲ್ಲೇ ಬಂದಿರುತ್ತದೆ. ಆದರೆ ಪ್ರತಿಯೊಬ್ಬರಿಗೆ ರಾತ್ರಿಗಿಷ್ಟು ಎಂದು ಗ್ರಾಚ್ಯುಟಿ ಹಾಕುತ್ತಾರೆ. ನಮ್ಮಲ್ಲಿ ಗ್ರಾಚ್ಯುಟಿ ಎಂದರೆ ಮೂವತ್ತು ವರ್ಷ ದುಡಿದವನು ನಿವೃತ್ತಿಯ ದಿನ ಪಡೆಯುವ ಹಣ. ಅಲ್ಲಿ ಅದು ಮಾಣಿಗಳಿಗೆ ಕೊಡುವ ಭಕ್ಷೀಸು. ಬಿಲ್ ನೋಡಿದಾಗ ನಮ್ಮ ಮನೆಯವರು, "ನಾಲ್ಕು ದಿನಕ್ಕೇ ನಿವೃತ್ತಿ ಕೊಡಿಸಿದರಲ್ಲ" ಎಂದು ನಕ್ಕರು.

ಇನ್ನೊಂದು ವಿಷಯವನ್ನು ಮೊದಲೇ ಕೇಳಿಕೊಳ್ಳಬೇಕು: ಹಡಗಿನ ಲೆಕ್ಕ ಯಾವ ನಾಣ್ಯದಲ್ಲಿ ನಡೆಯುತ್ತದೆ? ಹೊರಡುವ ಬಂದರು ಸಿಂಗಪುರವೇ ಆದರೂ ನಮ್ಮ ಮೊದಲ ಹಡಗಿನದು ಸಿಂಗಪುರ ಡಾಲರ್, ಎರಡನೆಯದು ಅಮೆರಿಕದ ಡಾಲರ್. ಕಾರ್ಡಿನಲ್ಲಿ ಒಂದು ನಾಣ್ಯ ತುಂಬಿಸಿ ಇನ್ನೊಂದರಲ್ಲಿ ಖರ್ಚು ಮಾಡಿದರೆ ನನ್ನ ಕಾರ್ಡ್ ಶೇ. 3.5ರಷ್ಟು ಹಿಡಿದುಕೊಳ್ಳುತ್ತದೆ.

ನಾನು ಅತಿ ದೊಡ್ಡ ತಪ್ಪು ಮಾಡಿದ್ದು ಮೊದಲ ಪ್ರವಾಸದಲ್ಲಿ, ಹಡಗು ಹತ್ತುವಾಗಲೇ. ಕೋಣೆಯ ಲೆಕ್ಕಕ್ಕೆ ಯಾವ ಕಾರ್ಡ್ ಎಂದು ಕೇಳಿದರು. ಫಾರೆಕ್ಸ್ ಕಾರ್ಡ್ ಕೊಟ್ಟೆ. ಮುಂಗಡವಾಗಿ 300 ಡಾಲರನ್ನು ತಡೆಹಿಡಿದರು. ಇಳಿಯುವಾಗ ಆದ ಬಿಲ್ 142 ಡಾಲರ್. ತಡೆಹಿಡಿದದ್ದರಲ್ಲೇ ಕಳೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಇಲ್ಲ, 142ನ್ನು ಬೇರೆಯಾಗಿಯೇ ತೆಗೆದುಕೊಂಡರು. ಆ 300 ನನ್ನದೇ ದುಡ್ಡು, ನನ್ನದೇ ಕಾರ್ಡಿನಲ್ಲಿ, ಆದರೆ ಮುಟ್ಟುವ ಹಾಗಿಲ್ಲ. ಅದು ಬಿಡುಗಡೆಯಾದದ್ದು ನಾವು ಬಳ್ಳಾರಿಗೆ ಬಂದು, ಘಟಕದ ವಾರದ ಬಟವಾಡೆಯೂ ಮುಗಿದ ಮೇಲೆ, ಹನ್ನೊಂದನೆಯ ದಿನ. ಈಗ ಹತ್ತುವಾಗ ಕ್ರೆಡಿಟ್ ಕಾರ್ಡ್ ತೋರಿಸುತ್ತೇನೆ; ತಡೆ ಬಿದ್ದರೆ ಅದರ ಮಿತಿಯ ಮೇಲೆ ಬೀಳಲಿ. ಕೊನೆಯ ರಾತ್ರಿ ಕೌಂಟರಿಗೆ ಹೋಗಿ ಬಿಲ್ಲನ್ನು ಫಾರೆಕ್ಸ್ ಕಾರ್ಡಿನಿಂದ ತೀರಿಸುತ್ತೇನೆ. ಎರಡು ಸಲ ಹೀಗೆ ಮಾಡಿದ್ದೇನೆ, ತೊಂದರೆಯಾಗಿಲ್ಲ. ರಾತ್ರಿ ಹನ್ನೊಂದರ ಮೇಲೆ ಹೋಗಿ, ಸಾಲು ಕರಗಿರುತ್ತದೆ.

ಇನ್ನು ದಡದ ಕಥೆ.

ಥಾಯ್ಲೆಂಡಿನ ಫುಕೆಟ್‌ನ ಪಟಾಂಗ್‌ನಲ್ಲಿ ನಮ್ಮ ಹಡಗು ದಡಕ್ಕೆ ಹೋಗಲಿಲ್ಲ, ಸಮುದ್ರದಲ್ಲೇ ಲಂಗರು ಹಾಕಿತು. ಚಿಕ್ಕ ದೋಣಿಗಳಲ್ಲಿ ನಮ್ಮನ್ನು ಇಳಿಸಿದರು. ಇಳಿದ ಕೂಡಲೇ ಟುಕ್‌ಟುಕ್‌ನವರು ಮುತ್ತಿಕೊಂಡರು. ಊರಿನಲ್ಲಿ ಕೊತ್ತಂಬರಿ ಕಟ್ಟಿಗೂ ಮೊಬೈಲ್ ತೋರಿಸುವ ನಮಗೆ ಅಲ್ಲಿ ಕೈಕಾಲು ಕಟ್ಟಿಹಾಕಿದ ಹಾಗಾಯಿತು. ಟುಕ್‌ಟುಕ್‌ನವನಿಗೆ ಬೇಕಾದದ್ದು ಅವರ ದೇಶದ ಹಣವಾದ ಬಾತ್‌ನ ನೋಟು. 2023ರಲ್ಲಿ ನನ್ನ ಬಳಿ ಬಾತ್ ಇರಲಿಲ್ಲ, ಕಾರ್ಡ್ ಇದೆಯಲ್ಲ ಎಂಬ ಧೈರ್ಯ. ಎಟಿಎಂಗೆ ಹೋಗಿ ಸಾವಿರ ಬಾತ್ ಕೇಳಿದೆ. ಹೊರದೇಶದ ಕಾರ್ಡಿಗೆ 220 ಬಾತ್ ಶುಲ್ಕ ಎಂದು ಪರದೆಯ ಮೇಲೆ ಬಂತು. ಒಪ್ಪಿದೆ, ಬೇರೆ ದಾರಿ ಇರಲಿಲ್ಲ. ಮುಂದಿನ ಪರದೆ ಇನ್ನೂ ನಯವಾಗಿತ್ತು: "ನಿಮ್ಮ ಊರಿನ ನಾಣ್ಯಕ್ಕೆ ನಾವೇ ಪರಿವರ್ತಿಸಿ ಕೊಡೋಣವೇ?" ಇದಕ್ಕೆ ಮಾತ್ರ ಯಾವತ್ತೂ ಹೂಂ ಎನ್ನಬೇಡಿ. ಅವರು ಹಾಕುವ ದರ ಅವರಿಗೆ ಅನುಕೂಲವಾದ ದರ. ಬೇಡ ಎಂದು ಒತ್ತಿದೆ, ನೋಟು ಬಂತು. ನಮ್ಮ ಬ್ಯಾಂಕಿನ ಶುಲ್ಕ ಎರಡು ಅಮೆರಿಕನ್ ಡಾಲರಿನಷ್ಟು, ಅದು ಬೇರೆ. ಒಟ್ಟಿನಲ್ಲಿ ಸಾವಿರ ಬಾತ್ ಕೈಗೆ ಬರಲು ಹತ್ತಿರ ಹತ್ತಿರ 1,290 ಬಾತ್ ಕೊಟ್ಟೆ. ನೂರಕ್ಕೆ 29! ನಮ್ಮೂರಿನ ಮೀಟರ್ ಬಡ್ಡಿಯವರು ಕೂಡ ಇದನ್ನು ಕೇಳಿದರೆ ನಾಚಿಕೊಂಡಾರು.

ಇಲ್ಲಿ ಒಂದು ನ್ಯಾಯದ ಮಾತು. ಎಟಿಎಂನ ಆ ಶುಲ್ಕ ಎಷ್ಟು ತೆಗೆದರೂ ಅಷ್ಟೇ. ಹತ್ತು ಸಾವಿರ ಬಾತ್ ತೆಗೆಯುವವನಿಗೆ ಅದು ಹೊರೆಯಲ್ಲ, ವಾರಗಟ್ಟಲೆ ಥಾಯ್ಲೆಂಡಿನಲ್ಲಿರುವವನಿಗೆ ಕಾರ್ಡ್ ಒಳ್ಳೆಯದೇ. ಆರು ಗಂಟೆ ಇಳಿದು ಎಳನೀರು ಕುಡಿದು ವಾಪಸ್ ದೋಣಿ ಹತ್ತುವ ಕ್ರೂಸ್ ಯಾತ್ರಿಕನಿಗೆ ಅದು ಶುದ್ಧ ದಂಡ.

ಮಲೇಷ್ಯಾದ ಪೆನಾಂಗ್‌ನ ಅನುಭವ ಇದಕ್ಕೆ ತೀರಾ ವಿರುದ್ಧ. ಅಲ್ಲಿ ಹಡಗು ಜಾರ್ಜ್‌ಟೌನ್ ಊರಿಗೇ ತಾಗಿ ನಿಲ್ಲುತ್ತದೆ. ಸ್ವೆಟನ್‌ಹ್ಯಾಂ ಧಕ್ಕೆಯಿಂದ ನಡೆದರೆ ಸ್ವಲ್ಪ ಹೊತ್ತಿನಲ್ಲಿ ಲಿಟ್ಲ್ ಇಂಡಿಯಾ. ನನ್ನ ಕಾರ್ಡಿನ ನಾಣ್ಯಗಳ ಪಟ್ಟಿಯಲ್ಲಿ ಮಲೇಷ್ಯಾದ ರಿಂಗಿಟ್ ಇಲ್ಲವೇ ಇಲ್ಲ. ಹಾಗಾಗಿ 2025ರಲ್ಲಿ ನೋಟನ್ನೇ ನಂಬಿಕೊಂಡು ಹೋದೆವು. ಆ ಸಲ ನಮ್ಮ ಅಕ್ಕನೂ ಜೊತೆಗಿದ್ದಳು. ಹಣ ಬದಲಿಸುವ ಒಂದು ಗೂಡಂಗಡಿಯಂಥ ಅಂಗಡಿ. ಒಳಗೆ ವಯಸ್ಸಾದ ತಮಿಳರು. ಬಳ್ಳಾರಿಯವನಾದ ನನಗೆ ತೆಲುಗು ಬರುತ್ತದೆ, ತಮಿಳು ಬರುವುದಿಲ್ಲ. ಬೆಂಗಳೂರಿನಲ್ಲಿ ಕೊಂಡಿದ್ದ ನೂರು ಅಮೆರಿಕನ್ ಡಾಲರಿನ ನೋಟು ಕೊಟ್ಟೆ. ಅವರು ಅದನ್ನು ದೀಪಕ್ಕೆ ಹಿಡಿದರು, ಹೆಬ್ಬೆರಳಿನಿಂದ ಉಜ್ಜಿದರು, ಒಂದು ಮೂಲೆಯನ್ನು ತೋರಿಸಿ ಹಿಂದಕ್ಕೆ ತಳ್ಳಿದರು. ಸಾಸಿವೆ ಕಾಳಿನಷ್ಟು ನೀಲಿ ಮುದ್ರೆಯ ಗುರುತು. ನೋಟಿನ ಮೇಲೆ ಲೆಕ್ಕ ಬರೆದು, ಪಿನ್ ಚುಚ್ಚಿ, ಅಂಟು ಹಚ್ಚಿ ಹತ್ತು ವರ್ಷ ಓಡಿಸುವ ಊರಿನವರು ನಾವು. ಆ ಚುಕ್ಕೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅಕ್ಕ ಸೊಂಟದ ಸಂಚಿಯಿಂದ ಐವತ್ತು ಸಿಂಗಪುರ ಡಾಲರಿನ ನೋಟು ತೆಗೆದು ಕೊಟ್ಟಳು. ಅದು ಪ್ಲಾಸ್ಟಿಕ್ ನೋಟು, ಸುಕ್ಕಿಲ್ಲ. 163 ರಿಂಗಿಟ್ ಎಣಿಸಿ ಕೊಟ್ಟರು, ರಸೀದಿಯನ್ನೂ ಕೊಟ್ಟರು. ಮೊಬೈಲಿನಲ್ಲಿ ನೋಡಿದ ದರಕ್ಕೂ ಅವರ ದರಕ್ಕೂ ಹೆಚ್ಚು ಅಂತರವಿರಲಿಲ್ಲ.

ಅಕ್ಕ ನೇರ ಹೂವಿನವಳ ಬಳಿಗೆ ಹೋದಳು. ಮಲ್ಲಿಗೆ ಮೊಳಕ್ಕೆಷ್ಟು ಎಂದು ಕೈಯನ್ನೇ ಮೊಳವಾಗಿ ಅಳೆದು ತೋರಿಸಿದಳು. ಭಾಷೆ ಬೇಕಾಗಲಿಲ್ಲ; ಚೌಕಾಸಿಯೂ ನಡೆಯಿತು. ಹೂವನ್ನು ಕ್ವೀನ್ ಬೀದಿಯ ಮಾರಿಯಮ್ಮನ ಗುಡಿಗೆ ಕೊಟ್ಟು, ಉಳಿದ ಒಂದು ರಿಂಗಿಟ್‌ನ ನೋಟುಗಳನ್ನು ಹುಂಡಿಗೆ ಹಾಕಿ, "ನಮ್ಮ ದುರ್ಗಮ್ಮನ ತಂಗಿ ಇರಬೇಕು" ಎಂದಳು. ಅಷ್ಟೂ ವ್ಯವಹಾರದಲ್ಲಿ ಕಾರ್ಡಿಗೆ ಕೆಲಸವೇ ಇರಲಿಲ್ಲ.

ಹಾಗಾದರೆ ನೋಟನ್ನು ಎಲ್ಲಿ ಕೊಳ್ಳಬೇಕು? ವಿಮಾನ ನಿಲ್ದಾಣದಲ್ಲಂತೂ ಬೇಡ. 2025ರ ಜನವರಿಯಲ್ಲಿ ಮೊಬೈಲಿನಲ್ಲಿ ಸಿಂಗಪುರ ಡಾಲರ್ 63 ರೂಪಾಯಿಯ ಆಸುಪಾಸಿನಲ್ಲಿತ್ತು. ಬೆಂಗಳೂರು ಪೇಟೆಯ ಒಬ್ಬ ಪರವಾನಗಿ ಇರುವ ವ್ಯಾಪಾರಿ 64 ರೂಪಾಯಿ 20 ಪೈಸೆಗೆ ಕೊಟ್ಟ. ವಿಮಾನ ನಿಲ್ದಾಣದ ಒಂದು ಕೌಂಟರಿನಲ್ಲಿ ಬರೀ ಕುತೂಹಲಕ್ಕೆ ಕೇಳಿದೆ: 69ರ ಮೇಲೆ. ಐನೂರು ಡಾಲರಿಗೆ ಎರಡೂವರೆ ಸಾವಿರ ರೂಪಾಯಿ ಹೆಚ್ಚು. ಆ ಕೌಂಟರಿನ ಮೇಲೆ "ಕಮಿಷನ್ ಇಲ್ಲ" ಎಂಬ ಫಲಕ ಬೇರೆ! ನಿಜ, ಕಮಿಷನ್ ಇಲ್ಲ. ದರದಲ್ಲೇ ಎಲ್ಲವೂ ಕೂತಿದೆ. ತೆರಿಗೆಯ ಬಗ್ಗೆ ಹೆದರುವವರಿಗೂ ಹೇಳುತ್ತೇನೆ: 60,000 ರೂಪಾಯಿಯ ವಿದೇಶಿ ಹಣ ಕೊಂಡರೆ ಜಿಎಸ್‌ಟಿ 108 ರೂಪಾಯಿ ಅಷ್ಟೇ. ಮೊತ್ತದ ಒಂದು ಶೇಕಡಾಕ್ಕೆ ಮಾತ್ರ 18ರ ದರ, ಒಂದು ಲಕ್ಷದವರೆಗೆ ಇದೇ ಲೆಕ್ಕ. ಮೂಲದಲ್ಲೇ ವಸೂಲಾಗುವ ಟಿಸಿಎಸ್ ಎಂಬ ತೆರಿಗೆ ಆಗ ವರ್ಷಕ್ಕೆ ಏಳು ಲಕ್ಷ ದಾಟಿದರೆ ಮಾತ್ರ ಇತ್ತು, 2025ರ ಏಪ್ರಿಲ್‌ನಿಂದ ಆ ಮಿತಿ ಹತ್ತು ಲಕ್ಷವಾಯಿತು. ನಮ್ಮಂಥವರ ಕೈಖರ್ಚಿನ ಡಾಲರು ಆ ಗಡಿಯ ಹತ್ತಿರವೂ ಸುಳಿಯುವುದಿಲ್ಲ. ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು ಸಾಮಾನ್ಯವಾಗಿ 3,000 ಅಮೆರಿಕನ್ ಡಾಲರಿನಷ್ಟು. ಅಷ್ಟು ನೋಟು ಹಿಡಿದು ಕ್ರೂಸಿಗೆ ಹೋಗುವವನು ಜೂಜಾಡಲು ಹೊರಟಿದ್ದಾನೆ ಎಂದೇ ಅರ್ಥ.

ಕಾರ್ಡಿನ ಮೇಲೆ ಇನ್ನೆರಡು ದೂರುಗಳಿವೆ. ಒಂದು, ಒಟಿಪಿ. ಆ್ಯಪ್‌ನಲ್ಲಿ ಡಾಲರಿನಿಂದ ಬಾತ್‌ಗೆ ಹಣ ಸರಿಸಲು ನಮ್ಮ ಭಾರತದ ಸಿಮ್‌ಗೆ ಸಂದೇಶ ಬರಬೇಕು. ನಡುಸಮುದ್ರದಲ್ಲಿ ಸಂದೇಶ ಎಲ್ಲಿಂದ ಬರಬೇಕು? ಹಡಗಿನ ವೈಫೈಗೆ ದುಡ್ಡು ಕೊಟ್ಟು ಆ್ಯಪ್ ತೆರೆದೆ, ಒಟಿಪಿಗೆ ಕಾದೆ, ಕಾಯುತ್ತಲೇ ಮಲಗಿದೆ. ಆಮೇಲೆ ಬುದ್ಧಿ ಬಂತು. ಈಗ ಇಂಥ ಕೆಲಸವನ್ನೆಲ್ಲ ಬಳ್ಳಾರಿಯಲ್ಲೇ, ಹಂಪಿ ಎಕ್ಸ್‌ಪ್ರೆಸ್ ಹತ್ತುವ ಮೊದಲೇ ಮುಗಿಸಿರುತ್ತೇನೆ.

ಎರಡನೆಯದು ಹೆಚ್ಚು ಕಿರಿಕಿರಿಯದು. ಮೊದಲ ಪ್ರವಾಸ ಮುಗಿದಾಗ ಕಾರ್ಡಿನಲ್ಲಿ 212 ಸಿಂಗಪುರ ಡಾಲರ್ ಉಳಿದಿತ್ತು. 2020ರ ಮಾರ್ಚ್‌ನಲ್ಲಿ ಲೋಕವೇ ಬಾಗಿಲು ಹಾಕಿತು. 2022ರ ಕೊನೆಗೆ ನೋಡಿದರೆ 170. ಬಳಸದೆ ಇಟ್ಟದ್ದಕ್ಕೆ ಶುಲ್ಕವಂತೆ! ಮನೆಯಿಂದ ಹೊರಬರಬೇಡಿ ಎಂದು ಸರ್ಕಾರ ಹೇಳುತ್ತಿದ್ದಾಗ ಸಿಂಗಪುರಕ್ಕೆ ಯಾಕೆ ಹೋಗಲಿಲ್ಲ ಎಂದು ಬ್ಯಾಂಕು ದಂಡ ಹಾಕುತ್ತಿತ್ತು. ಶಾಖೆಗೆ ಹೋಗಿ ಕೇಳಿದೆ, ನಿಯಮಗಳ ಹದಿನಾಲ್ಕನೆಯ ಪುಟ ತೋರಿಸಿದರು. ಅಷ್ಟರಲ್ಲಿ ಡಾಲರಿನ ದರ 52ರಿಂದ 60 ದಾಟಿದ್ದರಿಂದ ರೂಪಾಯಿ ಲೆಕ್ಕದಲ್ಲಿ ನಷ್ಟ ಕಣ್ಣಿಗೆ ರಾಚಲಿಲ್ಲ, ಆದರೆ ನಷ್ಟ ನಷ್ಟವೇ. ನೋಟಾಗಿ ಉಳಿದಿದ್ದರೆ ಇದು ಆಗುತ್ತಿರಲಿಲ್ಲ. ಎರಡು ಸಾವಿರ ಅಮೆರಿಕನ್ ಡಾಲರಿನವರೆಗಿನ ನೋಟನ್ನು ಮುಂದಿನ ಪ್ರವಾಸಕ್ಕೆಂದು ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಹಿಂತಿರುಗಿದ 180 ದಿನಗಳ ಒಳಗೆ ಮರಳಿಸಬೇಕು. ಲೋಹದ ನಾಣ್ಯಗಳಿಗೆ ಆ ಮಿತಿಯೂ ಇಲ್ಲ. ಇರುವುದಾದರೂ ಯಾಕೆ, ಇಲ್ಲಿ ಅವನ್ನು ಯಾರೂ ಕೊಳ್ಳುವುದೂ ಇಲ್ಲ. ನಮ್ಮವು ದೇವರ ಮನೆಯ ಹಿತ್ತಾಳೆ ಬಟ್ಟಲಿನಲ್ಲಿವೆ.

ಇಷ್ಟೆಲ್ಲ ಬೈದ ಮೇಲೂ ಕಾರ್ಡನ್ನು ಬಿಟ್ಟಿಲ್ಲ. ಸಿಂಗಪುರದಲ್ಲಿ ಹೋಟೆಲ್, ಮುಸ್ತಫಾ ಎಂಬ ದೊಡ್ಡ ಮಳಿಗೆಯ ಖರೀದಿ, ಹಡಗಿನ ಬಿಲ್ಲು, ಯಾವುದಕ್ಕೂ ಒಮ್ಮೆಯೂ ಕೈಕೊಟ್ಟಿಲ್ಲ. ಜೊತೆಗೆ ಕೊಡುವ ಎರಡನೆಯ ಕಾರ್ಡನ್ನು ಮನೆಯವರ ಚೀಲದಲ್ಲಿ ಬೇರೆ ಇಟ್ಟಿರುತ್ತೇವೆ. ಒಂದು ಕಳೆದರೂ ಬೀದಿಗೆ ಬೀಳುವುದಿಲ್ಲ. ತುಂಬಿಸಿದ ದಿನದ ದರವೇ ಕೊನೆಯವರೆಗೂ ಎಂಬುದು ಲೆಕ್ಕ ಬರೆಯುವವನಿಗೆ ದೊಡ್ಡ ನೆಮ್ಮದಿ.

ಬರುವ ಡಿಸೆಂಬರಿಗೆ ಅಕ್ಕ ಮತ್ತೆ ಹೊರಡೋಣ ಎನ್ನುತ್ತಿದ್ದಾಳೆ. ಮೊನ್ನೆ ಶಾಖೆಗೆ ಹೋಗಿ ಕಾರ್ಡಿಗೆ ಹಣ ತುಂಬಿಸುವ ಮಾತಾಡಿದೆ, ಜೊತೆಗೆ ಒಂದು ಚೀಟಿಯನ್ನೂ ಕೊಟ್ಟೆ: ಸಿಂಗಪುರ ಡಾಲರ್, ಹತ್ತರದ್ದು ಇಪ್ಪತ್ತು, ಐದರದ್ದು ಹತ್ತು, ಎರಡರದ್ದು ಹತ್ತು, ಥಾಯ್ ಬಾತ್, ನೂರರದ್ದು ಹದಿನೈದು. ಈಗ ಅಲ್ಲಿರುವ ಹುಡುಗ ಚೀಟಿಯನ್ನು ಎರಡು ಸಲ ಓದಿ, "ನೂರರದ್ದು ಕೊಟ್ಟರೆ ಆಗುವುದಿಲ್ಲವೇ ಸಾರ್?" ಎಂದ.