ಸೆಕೆಂಡ್ ಹ್ಯಾಂಡ್ ಬ್ಯಾಕ್‌ಹೋ ಬಕೆಟ್ ತಗೊಳ್ಳೋರು ದಯವಿಟ್ಟು ಓದಿ: ಪಿನ್ ಕೂತರೆ ಬಕೆಟ್ ಕೂತ ಹಾಗಲ್ಲ

"ಪಿನ್ ಕೂತಿದೆಯಲ್ಲ ಸಾರ್, ಇನ್ನೇನು ಬೇಕು?" ಬಕೆಟ್ ಮಾರಿದವನು ಫೋನ್ ಎತ್ತಿದಾಗಲೆಲ್ಲ ಹೇಳಿದ್ದು ಇದೊಂದೇ ಮಾತು. (ಪಿನ್ ಅಂದ್ರೆ ಬಕೆಟ್‌ನ ಮಷೀನಿಗೆ ಸಿಕ್ಕಿಸೋ ದಪ್ಪ ಕಬ್ಬಿಣದ ಗೂಟ.) ಕೇಳಿ ಕೇಳಿ ರೋಸಿಹೋಗಿದ್ದೀನಿ. ಇನ್ನೊಬ್ಬರು ಇದೇ ಥರ ಸಿಕ್ಕಿಹಾಕಿಕೊಳ್ಳಬಾರದು, ಅದಕ್ಕೇ ಬರೀತಿರೋದು.

ನಮ್ಮದು ಹಳೇ ಬ್ಯಾಕ್‌ಹೋ, ಅಂದ್ರೆ ಹಿಂದುಗಡೆ ಮಣ್ಣು ತೋಡೋ ತೋಳಿರೋ ಜೆಸಿಬಿ ಥರದ ಮಷೀನು. ಪೈಪ್ ಹಾಕೋ ಟ್ರೆಂಚ್ ತೆಗೆಯೋಕೆ ಅಗಲ ಕಮ್ಮಿ ಇರೋ ಬಕೆಟ್ ಬೇಕಿತ್ತು. ಬರೀ ಬಾಯಿಮಾತು ನಂಬಿ ದುಡ್ಡು ಕೊಟ್ಟಿದ್ದಲ್ಲ. ಪಿನ್ ದಪ್ಪ, ಎರಡು ಕಿವಿಗಳ (ಬಕೆಟ್ ಮೇಲೆ ಪಿನ್ ತೂರಿಸೋ ತೂತಿರೋ ಪ್ಲೇಟುಗಳು) ನಡುವಿನ ಒಳಜಾಗ, ಪಿನ್ನಿಂದ ಪಿನ್ನಿಗೆ ಸೆಂಟರ್ ಅಳತೆ (ಒಂದು ಪಿನ್ನಿನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಇರೋ ದೂರ), ಈ ಮೂರನ್ನೂ ನಮ್ಮ ಮಷೀನಿಂದ, ಹಳೇ ಬಕೆಟ್‌ನಿಂದ ತೆಗೆದು ಬರೆದು ಕಳಿಸಿದ್ದೆ. ನಿಮ್ಮ ಬಕೆಟ್ ಮೇಲೆ ಟೇಪ್ ಹಿಡಿದು ಫೋಟೋ ಕಳಿಸಿ ಅಂದಿದ್ದೆ. ಕಳಿಸಿದ. ಟೇಪ್ ಮೇಲೆ ನಾನು ಹೇಳಿದ ಅಂಕಿಯೇ ಇತ್ತು. ದುಡ್ಡು ಹಾಕಿದೆ. ಬಕೆಟ್ ಬಂತು, ಹಳದಿ ಪೇಂಟ್ ಇನ್ನೂ ಕೈಗೆ ಅಂಟುತ್ತಿತ್ತು.

ಏರಿಸುವಾಗ ಏನೂ ತಕರಾರಿಲ್ಲ. ಡಿಪ್ಪರ್ (ಬಕೆಟ್ ಹಿಡಿಯೋ ತೋಳು) ತುದಿಯ ಪಿನ್ ಹೋಯ್ತು, ಲಿಂಕ್ (ಬಕೆಟ್ ತಿರುಗಿಸೋ ಹೈಡ್ರಾಲಿಕ್ ಸಿಲಿಂಡರ್‌ಗೂ ಬಕೆಟ್‌ಗೂ ನಡುವಿನ ಕೊಂಡಿ) ಪಿನ್ನೂ ಹೋಯ್ತು. ಮೋಸ ಇರೋದೇ ಇಲ್ಲಿ. ಲಿಂಕ್ ಆಡುವ ಭಾಗ. ಸಿಲಿಂಡರ್ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಸೆಂಟರ್ ಅಳತೆ ತಪ್ಪಿದ್ದರೂ ತೂತಿಗೆ ತೂತು ಬಂದು ನಿಲ್ಲುತ್ತೆ. ಕೆಲಸಕ್ಕೆ ಇಳಿಯೋವರೆಗೂ ಗೊತ್ತೇ ಆಗಲ್ಲ.

ಕೆಲಸಕ್ಕೆ ಇಳಿದ ಮೇಲೆ ಗೊತ್ತಾಯ್ತು. ಆಪರೇಟರ್ ಮಣ್ಣು ತುಂಬಿ ಬಕೆಟ್ ಒಳಕ್ಕೆ ಮಡಿಸಿದ. ಸಿಲಿಂಡರ್ ಪೂರ್ತಿ ಚಾಚಿ ನಿಂತಿತು, ಬಕೆಟ್ ಮಾತ್ರ ಮುಚ್ಚಲಿಲ್ಲ. ಬಾಯಿ ತೆರೆದುಕೊಂಡೇ ಮೇಲೆ ಬಂತು, ಅರ್ಧ ಮಣ್ಣು ವಾಪಸ್ ಟ್ರೆಂಚಿಗೇ ಸುರೀತು. ಸುರಿಯೋಕೆ ಹೋದರೆ ಆ ಕಡೆಗೂ ಪೂರ್ತಿ ತೆರೆಯಲ್ಲ, ಜಿಗಟು ಮಣ್ಣು ಒಳಗೇ ಕಚ್ಚಿಕೊಂಡು ಕೂರುತ್ತೆ. ಕೆಲಸ ಕೊಟ್ಟವರು ಪಕ್ಕದಲ್ಲೇ ನಿಂತಿದ್ದರು. ಆಪರೇಟರ್ ನನ್ನ ಮುಖ ನೋಡಿದ, ಏನೂ ಮಾತಾಡಲಿಲ್ಲ. ಅವತ್ತಿನ ಅವಮಾನ ಈಗಲೂ ಇಳಿದಿಲ್ಲ.

ಅಳೆದು ನೋಡಿದರೆ ಸೆಂಟರ್ 25 ಎಂಎಂ ಜಾಸ್ತಿ! ಸೆಂಟರ್ ಜಾಸ್ತಿಯಾದರೆ ಸಿಲಿಂಡರ್ ಅಷ್ಟೇ ಚಾಚಿದರೂ ಬಕೆಟ್ ಕಮ್ಮಿ ತಿರುಗುತ್ತೆ. ಹಾಗಾದರೆ ಫೋಟೋದಲ್ಲಿ ಟೇಪ್ ಸರಿ ತೋರಿಸಿದ್ದು ಹೇಗೆ? ಫೋನ್ ತೆಗೆದು ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಫೋಟೋದಲ್ಲಿದ್ದ ಬಕೆಟ್‌ಗೆ ನಾಲ್ಕು ಹಲ್ಲು, ಎಡಗಡೆ ಕಿವಿಯ ಅಂಚಲ್ಲಿ ಗ್ಯಾಸ್ ಕಟಿಂಗ್ ಮಾಡಿದ ಗುರುತು. ನನ್ನ ಮುಂದೆ ಬಿದ್ದಿದ್ದಕ್ಕೆ ಮೂರೇ ಹಲ್ಲು, ಗುರುತು ಇಲ್ಲವೇ ಇಲ್ಲ. ಅಳೆದಿದ್ದು ಒಂದು ಬಕೆಟ್, ಲೋಡ್ ಮಾಡಿ ಕಳಿಸಿದ್ದು ಇನ್ನೊಂದು!

ಫೋನ್ ಮಾಡಿದೆ. "ಫೋಟೋ ಸುಮ್ನೆ ಒಂದು ಐಡಿಯಾಗೆ ಅಂತ ಕಳಿಸಿದ್ದು ಸಾರ್" ಅಂದ. ಐಡಿಯಾಗಂತೆ! ಅಳತೆ ಕೇಳಿದವನಿಗೆ ಬೇರೆ ಬಕೆಟ್‌ನ ಅಳತೆ ತೋರಿಸಿ ಐಡಿಯಾ ಕೊಡೋದು ಯಾವ ವ್ಯಾಪಾರ? ಆಮೇಲೆ "ನಿಮ್ಮ ಮಷೀನ್ ಲಿಂಕೇ ಸವೆದಿರಬೇಕು" ಅಂದ. ಲಿಂಕ್ ಸವೆದರೆ 25 ಎಂಎಂ ವ್ಯತ್ಯಾಸ ಬರುತ್ತಾ? ನಮ್ಮ ಹಳೇ ಬಕೆಟ್ ಅದೇ ಲಿಂಕ್‌ನಲ್ಲಿ ಸರಿಯಾಗಿ ಮುಚ್ಚುತ್ತೆ ಅಂದೆ. ಅದಕ್ಕೆ ಮತ್ತೆ ಅದೇ ಮಾತು, "ಪಿನ್ ಕೂತಿದೆಯಲ್ಲ ಸಾರ್."

ಪಿನ್ ಕೂತ ಚಂದ ಕೇಳಿ. ನಮ್ಮ ಪಿನ್ ಇಂಚಿನ ಲೆಕ್ಕದ್ದು, ಒಂದೂಮುಕ್ಕಾಲು ಇಂಚು, ಅಂದ್ರೆ 44.45 ಎಂಎಂ. ಅವನ ಬಕೆಟ್ 45 ಎಂಎಂ ಪಿನ್ನಿನದು. "ಅರ್ಧ ಎಂಎಂ ಯಾವ ಲೆಕ್ಕ ಸಾರ್" ಅಂದ. ಪ್ರತಿ ಏಟಿಗೂ ಪಿನ್ ಆ ಸಂದಿನಲ್ಲಿ ಬಡಿದು ಬಡಿದು ತೂತು ಮೊಟ್ಟೆಯಾಕಾರ ಆಗುತ್ತೆ, ಇವನಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು! ಪೇಂಟ್ ಕೆರೆದು ನೋಡಿದರೆ ಬಲಗಡೆ ಕಿವಿಯ ತೂತು ಆಗಲೇ ಒಂದು ಸಲ ಸವೆದು, ವೆಲ್ಡಿಂಗ್ ತುಂಬಿ, ಗ್ರೈಂಡರ್ ಹೊಡೆದು ಮೇಲೆ ಬಣ್ಣ ಬಳಿದಿದ್ದಾರೆ. ಲೇತ್‌ನವರ ಹತ್ತಿರ ಬೋರ್ ಮಾಡಿಸಿ ತೂತನ್ನ ದುಂಡಗೆ ಕೂಡ ಮಾಡಿಸಿಲ್ಲ. ಉದ್ದಕ್ಕೆ ಒಂದು ಅಳತೆ, ಅಡ್ಡಕ್ಕೆ ಇನ್ನೊಂದು.

ಕೊನೆಗೆ ಅವನು ಕೊಟ್ಟ ಸಲಹೆ: "ಕಿವಿ ಕಟ್ ಮಾಡಿ ನಿಮಗೆ ಬೇಕಾದ ಸೆಂಟರ್‌ಗೆ ವೆಲ್ಡ್ ಮಾಡಿಸ್ಕೊಳ್ಳಿ." ಹಾಗಾದರೆ ವಾಪಸ್ ತಗೊಳ್ತೀರಾ ಅಂದರೆ "ಕಟ್ ಮಾಡಿದ ಮೇಲೆ ಹೇಗೆ ಸಾರ್ ತಗೊಳ್ಳೋದು?" ಕಟ್ ಮಾಡದೇ ಹಾಗೇ ಕೊಡ್ತೀನಿ ಅಂದರೆ ಅರ್ಧ ದುಡ್ಡಂತೆ. ಅದಾದ ಮೇಲೆ ಫೋನೇ ಎತ್ತಿಲ್ಲ.

ತಗೊಳ್ಳೋರಿಗೆ ಹೇಳೋದು ಇಷ್ಟೇ. ಫೋಟೋ ಬೇಡ, ವಿಡಿಯೋ ಕೇಳಿ. ಇಡೀ ಬಕೆಟ್ ತೋರಿಸಿ, ಹಲ್ಲು ತೋರಿಸಿ, ನಿಲ್ಲಿಸದೆ ಹಾಗೇ ಟೇಪ್ ಹತ್ತಿರ ಬರಬೇಕು. ತೂತುಗಳು ಒಂದೇ ಸೈಜ್ ಇದ್ದರೆ ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆದರೆ ಅದೇ ಸೆಂಟರ್. ತೂತನ್ನು ಉದ್ದಕ್ಕೂ ಅಡ್ಡಕ್ಕೂ ವರ್ನಿಯರ್ ಹಿಡಿದು ನೋಡಿ. ನಿಮ್ಮ ಪಿನ್ನನ್ನು ಸವೆಯದ ಜಾಗದಲ್ಲಿ ಅಳೀರಿ. ಕಿವಿ ಹತ್ತಿರ ಹೊಸ ಪೇಂಟ್ ಇದ್ದರೆ ಕೆರೀರಿ, ಕೆರೆಯೋಕೆ ಬಿಡದವನ ಹತ್ತಿರ ತಗೊಳ್ಳಲೇಬೇಡಿ. ಆಗುತ್ತೆ ಅಂದರೆ, ಮಷೀನ್‌ಗೆ ಹಾಕಿ ಪೂರ್ತಿ ಮಡಿಸಿ, ಪೂರ್ತಿ ಬಿಚ್ಚಿ ನೋಡಿದ ಮೇಲೆ ದುಡ್ಡು ಕೊಡಿ.

ಅರ್ಧ ದುಡ್ಡಿಗೆ ನಾನು ವಾಪಸ್ ಕೊಡಲ್ಲ. ಕೊಟ್ಟರೆ ಮೇಲೆ ಇನ್ನೊಂದು ಕೋಟ್ ಬಣ್ಣ ಬಳಿದು ನಿಮ್ಮಲ್ಲೇ ಯಾರಿಗಾದರೂ ಕಳಿಸ್ತಾನೆ. ನಾಲ್ಕು ಹಲ್ಲಿನ ಬಕೆಟ್, ಎಡ ಕಿವಿಯ ಅಂಚಲ್ಲಿ ಗ್ಯಾಸ್ ಕಟಿಂಗ್ ಗುರುತು, ಮೇಲೆ ಟೇಪ್, ಈ ಫೋಟೋ ನಿಮಗೆ ಯಾರಾದರೂ ಕಳಿಸಿದರೆ ಒಂದು ರೂಪಾಯಿ ಅಡ್ವಾನ್ಸೂ ಹಾಕಬೇಡಿ.