ಮಣ್ಣಿನ ಮೀಟರ್, ಫೋನ್ ಆ್ಯಪ್, ಟಿಡಿಎಸ್ ಪೆನ್: ಮನೆಯೊಳಗಿನ ಗಿಡಕ್ಕೆ ಯಾವುದು?

ಮನೆಯೊಳಗಿನ ಗಿಡ ಬಾಡಿದಾಗ ಕಾರಣ ಹುಡುಕಲು ಏನು ಕೊಳ್ಳಬೇಕು ಎಂದು ಕೇಳಿದರೆ ನನ್ನ ಉತ್ತರ ಟಿಡಿಎಸ್ ಪೆನ್. ನೀರಿನ ಫಿಲ್ಟರ್ ರಿಪೇರಿಗೆ ಬರುವವರು ಲೋಟಕ್ಕೆ ಅದ್ದಿ ನೋಡುತ್ತಾರಲ್ಲ, ಅದೇ. ನೀರಿನಲ್ಲಿ ಉಪ್ಪು, ಗೊಬ್ಬರ ಎಷ್ಟು ಕರಗಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. 300 ರೂಪಾಯಿ ಆಸುಪಾಸು. ಇದಕ್ಕೂ ಮೊದಲು ನಾನು ಕೊಂಡದ್ದು ತೇವ, ಬೆಳಕು, ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಎಂಬ ಅಳತೆ) ಮೂರನ್ನೂ ಹೇಳುತ್ತೇನೆ ಎನ್ನುವ ಮಣ್ಣಿನ ಮೀಟರ್. ಜೊತೆಗೆ ಫೋಟೋ ನೋಡಿ ರೋಗ ಹೇಳುವ ಆ್ಯಪ್.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮೇಲಿನ ಮಹಡಿ. ಹಾಲ್‌ನ ಕಿಟಕಿ ಪಶ್ಚಿಮಕ್ಕಿದೆ. ಏಪ್ರಿಲ್ ಬಂದಾಗ ಪೀಸ್ ಲಿಲಿಯ ಎಲೆತುದಿಗಳು ಕಂದು ಬಣ್ಣಕ್ಕೆ ತಿರುಗಿದವು. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕೊಂಡಿದ್ದ ಸಿಂಗೋನಿಯಂ ಹಳದಿಯಾಯಿತು. ಮನಿ ಪ್ಲಾಂಟಿನಲ್ಲಿ ಬಿಳಚಿದ ಕಲೆ. ಬಿಸಿಲೋ, ಗೊಬ್ಬರ ಸಾಲದೋ, ಜಾಸ್ತಿಯಾಯಿತೋ? ಮೂರಕ್ಕೂ ಮದ್ದು ಬೇರೆ ಬೇರೆ, ಅಲ್ವಾ?

ಮೀಟರ್ ನನ್ನನ್ನು ಸತಾಯಿಸಿದ್ದು ತೇವದ ವಿಷಯದಲ್ಲಿ. ಪೀಸ್ ಲಿಲಿಯ ಕುಂಡ ಎತ್ತಿದರೆ ಹಗುರ, ಬೆರಳಿಟ್ಟರೆ ಒಳಗೂ ಒಣ. ಮುಳ್ಳು ಮಾತ್ರ 'ಒದ್ದೆ' ಕಡೆಗೇ ನಿಂತಿತ್ತು. ಪಕ್ಕದ ಸಿಂಗೋನಿಯಂಗೆ ಆಗಷ್ಟೇ ನೀರು ಹಾಕಿದ್ದೆ, ಅಲ್ಲಿ 'ಒಣ' ಎಂದಿತು.

ಕಾರಣ ಅದರ ಒಳಗಿನ ಕೆಲಸದಲ್ಲೇ ಇದೆ. ಈ ಮೀಟರ್ ನೀರನ್ನು ಅಳೆಯುವುದಿಲ್ಲ. ಎರಡು ಬೇರೆ ಲೋಹಗಳ ನಡುವೆ ಮಣ್ಣಿನ ಮೂಲಕ ಹರಿಯುವ ಸಣ್ಣ ಕರೆಂಟನ್ನು ತೋರಿಸುತ್ತದೆ, ಅಷ್ಟೇ. ಅದಕ್ಕೇ ಬ್ಯಾಟರಿ ಬೇಕಿಲ್ಲ. ಮಣ್ಣಿನಲ್ಲಿ ಉಪ್ಪು ಹೆಚ್ಚಿದ್ದರೆ ಸ್ವಲ್ಪ ತೇವಕ್ಕೇ ಕರೆಂಟ್ ಜೋರಾಗಿ ಹರಿಯುತ್ತದೆ. ಕುಂಡದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಡಿಲವಾಗಿದ್ದರೆ ಕಡ್ಡಿಗೆ ಸರಿಯಾಗಿ ತಾಗುವುದೇ ಇಲ್ಲ. ನಂಬಿಕೆ ಬಾರದಿದ್ದರೆ ಒಂದು ಲೋಟ ಫಿಲ್ಟರ್ ನೀರಿಗೆ ಅದ್ದಿ ನೋಡಿ, ಆಮೇಲೆ ಚಿಟಿಕೆ ಉಪ್ಪು ಹಾಕಿ. ನೀರು ಅಷ್ಟೇ ಇದ್ದರೂ ಮುಳ್ಳು ಮೇಲೇರುತ್ತದೆ. ಅಂದರೆ ಗೊಬ್ಬರದ ಉಪ್ಪು ಕಟ್ಟಿಕೊಂಡ ಕುಂಡಕ್ಕೆ ಇದು 'ನೀರು ಬೇಡ' ಎನ್ನುತ್ತದೆ. ಆ ಕುಂಡಕ್ಕೆ ಬೇಕಿರುವುದು ನೀರೇ! ಪಿಎಚ್ ಮುಳ್ಳಂತೂ ಎಲ್ಲ ಕುಂಡಕ್ಕೂ ಏಳರ ಹತ್ತಿರವೇ ನಿಂತಿತು.

ಆ್ಯಪ್ ಗಿಡದ ಹೆಸರು ಹೇಳಲು ಚೆನ್ನಾಗಿದೆ. ಹಿಟ್ಟು ತಿಗಣೆಯನ್ನೂ ಸರಿಯಾಗಿ ಗುರುತಿಸಿತು. ಆದರೆ ಒಂದೇ ಎಲೆಗೆ ಬೆಳಿಗ್ಗೆ ಶಿಲೀಂಧ್ರ ಎಂದಿತು, ಟ್ಯೂಬ್‌ಲೈಟಿನಲ್ಲಿ ನೀರು ಹೆಚ್ಚಾಗಿದೆ ಎಂದಿತು. ಎಲೆ ಹಳೆಯದೋ ಹೊಸದೋ, ಕಿಟಕಿ ಯಾವ ಕಡೆಗೋ, ಅದು ಕೇಳಲೇ ಇಲ್ಲ. ಮುಖ್ಯ ಸುಳಿವು ಇರುವುದೇ ಅಲ್ಲಿ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಕಡಿಮೆಯಾದರೆ ಕೆಳಗಿನ ಹಳೆ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ ಸಿಗದಿದ್ದರೆ ಮೇಲಿನ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿರುತ್ತದೆ. ಬಿಸಿಲಿನ ಸುಟ್ಟ ಕಲೆಗೆ ಎಲೆಯ ವಯಸ್ಸು ಲೆಕ್ಕಕ್ಕಿಲ್ಲ, ಗಾಜಿಗೆ ಮುಖ ಮಾಡಿದ ಎಲೆಗಳಿಗೇ ಬರುತ್ತದೆ.

ಪೆನ್ ಬಳಸುವುದು ಹೀಗೆ. ಕುಂಡಕ್ಕೆ ನೀರು ಹಾಕಿ ಒಂದು ಗಂಟೆ ಬಿಡಿ. ಮತ್ತೆ ಸ್ವಲ್ಪ ಫಿಲ್ಟರ್ ನೀರು ಹಾಕಿ, ಕೆಳಗೆ ಸೋರಿದ್ದನ್ನು ಬಟ್ಟಲಿನಲ್ಲಿ ಹಿಡಿದು ಅಳೆಯಿರಿ. ಪೀಸ್ ಲಿಲಿಯದು 2,000 ಪಿಪಿಎಂ (ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ) ದಾಟಿತು, ಎಲೆತುದಿ ಸುಟ್ಟದ್ದು ಈ ಉಪ್ಪಿನಿಂದ. ನಮ್ಮ ಬೋರ್ ನೀರೇ 700ರ ಮೇಲಿತ್ತು, ಅದರ ಮೇಲೆ ಗೊಬ್ಬರ ಬೇರೆ. ನಲ್ಲಿಗೆ ಬರುವ ಕಾವೇರಿ ನೀರು ಹಾಕಿ ಹಾಕಿ ತೊಳೆದೆ, ಅಂಕಿ ಇಳಿಯಿತು. ಆಮೇಲೆ ಬಂದ ಎಲೆಗಳ ತುದಿ ಹಸಿರಾಗಿದೆ. ಸಿಂಗೋನಿಯಂನಿಂದ ಸೋರಿದ್ದು ಹಾಕಿದ ನೀರಿಗಿಂತ ಚೂರೇ ಹೆಚ್ಚು. ಅಂದರೆ ಅಲ್ಲಿ ಗಿಡಕ್ಕೆ ತಿನ್ನಲು ಗೊಬ್ಬರವೇ ಉಳಿದಿರಲಿಲ್ಲ. ಹಳೆ ಎಲೆಗಳೇ ಹಳದಿಯಾಗಿದ್ದರಿಂದ 19-19-19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು) ಲೀಟರ್‌ಗೆ ಅರ್ಧ ಗ್ರಾಂ ಕರಗಿಸಿ ಕೊಟ್ಟೆ.

ಯಾವ ಪೋಷಕಾಂಶ ಕಡಿಮೆ ಎಂದು ಪೆನ್ ಹೇಳುವುದಿಲ್ಲ. ಅದಕ್ಕೆ ಎಲೆಯನ್ನೇ ನೋಡಬೇಕು.

ಮನಿ ಪ್ಲಾಂಟಿನ ಅಂಕಿ ಸರಿಯಾಗಿಯೇ ಇತ್ತು. ಕಿಟಕಿಯಲ್ಲಿ ಸಾಧಾರಣ ಥರ್ಮಾಮೀಟರ್ ಇಟ್ಟೆ. ಮಧ್ಯಾಹ್ನ ನಾಲ್ಕಕ್ಕೆ 42 ಡಿಗ್ರಿ. ಕುಂಡವನ್ನು ಗೋಡೆಯ ಕಡೆ ಸರಿಸಿದ್ದೇ ಮದ್ದು.

ದಿನಾ ಬೆಳಿಗ್ಗೆ ನೀವೇ ನೀರು ಹಾಕುವವರಾದರೆ ಪೆನ್ ಮತ್ತು ಥರ್ಮಾಮೀಟರ್ ಕೊಳ್ಳಿ, ಎರಡೂ ಸೇರಿ 500 ರೂಪಾಯಿ ಒಳಗೆ ಮುಗಿಯುತ್ತದೆ. ಆ್ಯಪ್ ಅನ್ನು ಹುಳ ಗುರುತಿಸಲು ಇಟ್ಟುಕೊಳ್ಳಿ, ಚಂದಾ ಮಾತ್ರ ಕಟ್ಟಬೇಡಿ. ಮೀಟರ್ ಬೇಡವೇ ಬೇಡ. ತೇವ ನೋಡಲು ಬೆರಳು ಸಾಕು.